ಅಗಸೆ ಲೋಳೆಯ ಶುಕ್ರವಾರಗಳು

ಸ್ಪ್ರೂಸ್ ಪಾಯಿಂಟ್, ನೋವಾ ಸ್ಕೋಶಿಯಾ
ಏಪ್ರಿಲ್ ೨೩, ಬುಧವಾರ

ನನ್ನ ಮುದ್ದು ಕೊರಿನ್‌ಗೆ ಅಮ್ಮನಿಂದ ಕೆನ್ನೆ ತುಂಬ ಮುತ್ತು.

ಮೊದಲೇ ಹೇಳಿಬಿಡುತ್ತೇನೆ, ಹಾಳೆ ತಿರುಗಿಸಿ ಕೊನೆಯ ಸಾಲು ಓದಬೇಡ. ನಿನ್ನ ಚಾಳಿ ನನಗೆ ಗೊತ್ತಿಲ್ಲವೇ? ಪತ್ತೇದಾರಿ ಕಾದಂಬರಿಯನ್ನೂ ಹಿಂದಿನಿಂದ ಓದುವವಳು ನೀನು. ಈಸ್ಟರ್‌ವರೆಗೆ ನೀನು ಗಡುವು ಕೊಟ್ಟಿದ್ದೆ. ಈಸ್ಟರ್ ಬಂತು, ಹೋಯಿತು. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಹ್ಯಾಲಿಫ್ಯಾಕ್ಸಿನಲ್ಲಿ ಹವಾ ಹೇಗಿದೆ?" ಎಂದು ಮಾತು ತೇಲಿಸಿದೆ. ಇವತ್ತು ತೇಲಿಸುವುದಿಲ್ಲ. ಅಂಗಡಿ ಮುಚ್ಚುತ್ತೇನೋ ಇಲ್ಲವೋ ಎಂಬುದು ಈ ಕಾಗದದಲ್ಲೇ ಇದೆ, ಆದರೆ ಸರದಿಯ ಪ್ರಕಾರ ಬರುತ್ತದೆ. ಕೂದಲು ಒಣಗುವ ಮುಂಚೆ ರೋಲರ್ ಬಿಚ್ಚಿದರೆ ಏನಾಗುತ್ತದೆಂದು ಹೇರ್‌ಡ್ರೆಸ್ಸರ್ ಮಗಳಿಗೆ ಹೇಳಿಕೊಡಬೇಕೇ?

ಥ್ಯಾಂಕ್ಸ್‌ಗಿವಿಂಗ್ ದಿನ ಟರ್ಕಿ ಹೊರತೆಗೆದ ಮೇಲೂ ನಾನು ಒಲೆಯ ಕೈಗವಸು ಬಿಚ್ಚದೆ ಓಡಾಡುತ್ತಿದ್ದದ್ದು ನೋಡಿ ನಿನಗೆ ಅನುಮಾನ ಬಂತು. ಹಿಡಿದು ಎಳೆದೇ ಬಿಟ್ಟೆ. "ಅಮ್ಮಾ, ಇದು ಕೈಯಾ, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಾ?" ಎಂದು ನಗುತ್ತಾ ಶುರು ಮಾಡಿದವಳು ಮಾತು ಮುಗಿಯುವಷ್ಟರಲ್ಲಿ ಅಳುತ್ತಿದ್ದೆ. ಆಮೇಲೆ ನಾನು ಮೆಟ್ಟಿಲು ಹತ್ತುವಾಗ ಕೆಮ್ಮಿದ್ದನ್ನೂ ಕೇಳಿಸಿಕೊಂಡೆ. ಸಾಕಲ್ಲ, ತೀರ್ಪು ಹೊರಬಿತ್ತು. "ಅಂಗಡಿ ಮುಚ್ಚು. ನಮ್ಮನೆ ಕೆಳಗಿನ ಕೋಣೆ ಖಾಲಿ ಇದೆ, ಬಂದು ಹಾಯಾಗಿರು" ಎಂದೆ. ಚರ್ಮ ಸುಡದ ಸೌಮ್ಯ ಸಾಮಾನು ಹಾಕಿ ಈಸ್ಟರ್‌ವರೆಗೆ ನಡೆಸಿ ನೋಡುತ್ತೇನೆ, ಕೈ ವಾಸಿಯಾಗದಿದ್ದರೆ ಅಥವಾ ಹೆಂಗಸರು ಬರುವುದು ಬಿಟ್ಟರೆ ನಾನೇ ಬೋರ್ಡು ಕೆಳಗಿಳಿಸುತ್ತೇನೆ ಎಂದು ನಾನು ಗೋಗರೆದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನಗೆ ಮೊಸರಿನ ಚಿಂತೆ ಇರಲಿಲ್ಲ ಕೊರಿನ್. ಶುಕ್ರವಾರ ನಮ್ಮ ಮುಂದಿನ ಕೋಣೆಯಲ್ಲಿ ತಲೆಗಳು ಒಣಗುತ್ತಾ, ಬಾಯಿಗಳು ಓಡುತ್ತಾ ಇಲ್ಲದಿದ್ದರೆ ನನಗದು ಶುಕ್ರವಾರವೇ ಅಲ್ಲ. ನಿನ್ನ ಕೆಳಗಿನ ಕೋಣೆಯಲ್ಲಿ ನಾನು ಯಾರ ತಲೆ ಮುಟ್ಟಲಿ?

ಕ್ರಿಸ್‌ಮಸ್ಸಿಗೆ ನೀನು ಕಳಿಸಿದ ಪೆಟ್ಟಿಗೆಯಿಂದ ಶುರು ಮಾಡುತ್ತೇನೆ. ತೆರೆದರೆ ಒಣಹುಲ್ಲು, ಹುಲ್ಲಿನೊಳಗೆ ಕಂದು ಕಾಗದ, ಕಾಗದದೊಳಗೆ ಸೋಪು. ಯೇಸುಸ್ವಾಮಿಯನ್ನೂ ಗೋದಲಿಯಲ್ಲಿ ಅಷ್ಟು ಜೋಪಾನವಾಗಿ ಮಲಗಿಸಿರಲಿಕ್ಕಿಲ್ಲ. ಆಡಿನ ಹಾಲಿನ ಸೋಪು, ಸ್ನಾನಕ್ಕೆ ಓಟ್ಸ್ ಪುಡಿ, ಗಾಜಿನ ಬಾಟಲಿಯಲ್ಲಿ ಲ್ಯಾವೆಂಡರ್ ಎಣ್ಣೆ. ಪ್ರತಿಯೊಂದರ ಮೇಲೂ ಒಂದು ಹಸಿರು ಎಲೆಯ ಚಿತ್ರ. ನಾನು ಆ ಎಲೆಯನ್ನು ನಂಬಿದೆ. ಗಿಡದಿಂದ ಬಂದದ್ದು ಯಾರಿಗೆ ತಾನೆ ಕೆಡುಕು ಮಾಡೀತು? ಎಣ್ಣೆಯನ್ನು ಶಾಂಪೂವಿಗೆ ಸುರಿದೆ, ಟವೆಲ್ ನೆನೆಸುವ ನೀರಿಗೆ ಸುರಿದೆ, ನೆಲ ಒರೆಸುವ ಬಕೆಟ್ಟಿಗೆ ಸುರಿದೆ, ಮಿಕ್ಕದ್ದನ್ನು ನನ್ನ ಕೈಗೇ ತಿಕ್ಕಿಕೊಂಡೆ. ಆ ಶಾಂಪೂವಿನಲ್ಲಿ ತಲೆ ತೊಳೆಸಿಕೊಂಡು ಹೋದ ನಮ್ಮ ಆರ್ಡಿತ್, ಅದೇ ಅಂಚೆ ಕಚೇರಿಯಿಂದ ನಿವೃತ್ತಳಾದವಳು, ಮರುದಿನ ಕತ್ತಿಗೆ ಶಾಲು ಸುತ್ತಿಕೊಂಡು ಬಂದಳು. ಶಾಲು ತೆಗೆದರೆ ಕತ್ತು ಬೇಯಿಸಿದ ಲಾಬ್‌ಸ್ಟರ್ ಬಣ್ಣ. "ನಿನ್ನ ಮಗಳು ನಮ್ಮನ್ನೆಲ್ಲ ಒಂದೇ ಸಲ ಸಾಗಹಾಕೋಕೆ ಹೂವಿನ ಎಣ್ಣೆ ಕಳಿಸಿದಾಳೇನೇ?" ಎಂದಳು. ನನ್ನ ಕೈ ಅವಳ ಕತ್ತಿಗಿಂತ ಕಡೆಯಾಗಿತ್ತು. ನಿನಗೆ ಮಾತ್ರ ಫೋನಿನಲ್ಲಿ "ಮನೆಯೆಲ್ಲ ಘಮಘಮ ಅಂತಿದೆ ಕಣೇ" ಎಂದೆ. ನೊಂದುಕೊಳ್ಳುತ್ತೀಯೆಂದು ಹೇಳಲಿಲ್ಲ.

ಆಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದೆ. ನಿನ್ನ ವಯಸ್ಸಿನ ಹೆಂಗಸು. ನನ್ನ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ಸ್ನಾನ ಮಾಡಬೇಡಿ ಎಂದು ಕಳಿಸಿದಳು. ಪಟ್ಟಿ ಕಿತ್ತಾಗ ಕೂದಲು ಗುಂಗುರು ಮಾಡುವ ಪರ್ಮ್ ದ್ರಾವಣ ಇದ್ದ ಜಾಗ ಕೆಂಪು, ಸುಗಂಧ ಇದ್ದ ಜಾಗ ಕೆಂಪು, ಲ್ಯಾವೆಂಡರ್ ಇದ್ದ ಜಾಗವೂ ಕೆಂಪು. ಇದು ಗಿಡದ್ದಲ್ಲವೇ ಎಂದು ನಾನು ವಾದಕ್ಕಿಳಿದೆ. "ಕಾಡಲ್ಲಿ ಮೈ ತುರಿಸೋ ಬಳ್ಳೀನೂ ಗಿಡಾನೇ ಅಲ್ವೇನಮ್ಮಾ? ಯಾವುದು ಎಲೆ, ಯಾವುದು ಕಾರ್ಖಾನೆ ಅಂತ ನಿಮ್ಮ ಚರ್ಮಕ್ಕೆ ಗೊತ್ತಾಗಲ್ಲ. ಅದಕ್ಕೆ ಬೇಕಾಗಿರೋದು ಕಮ್ಮಿ. ವಾಸನೆ ಕಮ್ಮಿ, ಬಣ್ಣ ಕಮ್ಮಿ, ಬಾಟಲಿ ಕಮ್ಮಿ" ಎಂದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಿನಗೆ ಬುದ್ಧಿ ಹೇಳಿ ಬೆಳೆಸಿದವಳು ಹಸಿರಾಗಿರುವುದಕ್ಕೆ ಮೋಸಹೋದೆ. ನಿನ್ನ ಪೆಟ್ಟಿಗೆಯಲ್ಲಿ ಆ ಆಡಿನ ಹಾಲಿನ ಸೋಪಿಗೆ ಯಾವ ವಾಸನೆಯೂ ಇರಲಿಲ್ಲ, ಅದನ್ನು ಉಳಿಸಿಕೊಂಡೆ. ಓಟ್ಸ್ ಪುಡಿಯನ್ನೂ ಉಳಿಸಿಕೊಂಡೆ. ರಾತ್ರಿ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಕೈ ಅದ್ದಿ ಕೂತರೆ ಎಷ್ಟು ಹಿತವಾಗುತ್ತದೆಂದರೆ ನಿನ್ನನ್ನು ನೆನೆಸಿಕೊಂಡು ಆಶೀರ್ವಾದ ಮಾಡುತ್ತೇನೆ.

ಮನೆಯ ಒಳಗೆ ಆಮೇಲೆ ದೊಡ್ಡ ವನವಾಸ ನಡೆಯಿತು. ಪೈನ್ ವಾಸನೆಯ ನೆಲದ ದ್ರಾವಣ, ಬ್ಲೀಚು, ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಸುಗಂಧದ ಹಾಳೆ, ಗೋಡೆಗೆ ಸಿಕ್ಕಿಸಿದ್ದ ವೆನಿಲಾ ಡಬ್ಬಿ ಎಲ್ಲ ಹೊರಗೆ. ಬೇಸಿನ್ನಿಗೆ ವಿನೆಗರ್, ಕಲೆಗೆ ಅಡುಗೆ ಸೋಡಾ, ಟವೆಲ್ಲಿಗೆ ಬರೀ ಸೋಪು, ಒಣಗಿಸಲು ಹಿತ್ತಲಿನ ಹಗ್ಗ. ಹಗ್ಗದ ಮೇಲೆ ಫೆಬ್ರವರಿಯಲ್ಲಿ ಒಣಗಿದ ಟವೆಲ್ ಹಲಗೆಯಾಗುತ್ತದೆ, ನಿನಗೆ ಗೊತ್ತು. "ಮುಖ ಒರೆಸ್ಕೊಳ್ಳೋಕೆ ಕೊಟ್ಟೆಯೋ, ಕೆರೆದು ಬಣ್ಣ ತೆಗೆಯೋಕೋ?" ಎಂದು ಆರ್ಡಿತ್ ಕೇಳಿದಳು. ಮೊದಲ ವಾರ ಮನೆಗೆ ಏನೂ ವಾಸನೆ ಇಲ್ಲದ್ದು ನೋಡಿ ನನ್ನ ಮೂಗೇ ಕೆಟ್ಟಿತೇನೋ ಎಂದು ಹೆದರಿದೆ. ಆಮೇಲೊಂದು ಬೆಳಿಗ್ಗೆ ಬಾಗಿಲು ತೆಗೆದಾಗ ಉಬ್ಬರ ಇಳಿದ ಕಡಲಿನ ವಾಸನೆ ಅಡುಗೆಮನೆಯವರೆಗೂ ಬಂತು. ಅಷ್ಟು ವರ್ಷ ಅದೇ ಕಡಲ ಪಕ್ಕದಲ್ಲಿದ್ದು ಮನೆಯೊಳಗೆ ಅದನ್ನು ಮೂಸಿರಲಿಲ್ಲ ನಾನು.

ಇಷ್ಟೆಲ್ಲ ಸುಲಭ. ಕಷ್ಟ ಇದ್ದದ್ದು ಸೆಟ್ ಮಾಡಿದ ಕೂದಲು ಅಲುಗದಂತೆ ಹೊಡೆಯುವ ಘಾಟು ವಾಸನೆಯ ಸ್ಪ್ರೇಯಲ್ಲಿ. ನಮ್ಮ ಕಡೆ ಚರ್ಚಿನ ಬಾಗಿಲಲ್ಲಿ, ಗ್ರಂಥಾಲಯದಲ್ಲಿ, ಆಸ್ಪತ್ರೆಯಲ್ಲಿ ಎಲ್ಲೆಲ್ಲೂ "ದಯವಿಟ್ಟು ಸುಗಂಧ ಹಾಕಿಕೊಂಡು ಬರಬೇಡಿ" ಎಂಬ ಬೋರ್ಡು ತೂಗುತ್ತದೆ. ಊರಿಗೆ ಊರೇ ಪಾಲಿಸುತ್ತದೆ, ನನ್ನ ಶುಕ್ರವಾರದ ಹೆಂಗಸರ ತಲೆಗಳನ್ನು ಬಿಟ್ಟು. ಭಾನುವಾರ ಅವರು ಮುಂದಿನ ಬೆಂಚಿನಲ್ಲಿ ಸಾಲಾಗಿ ಕೂತರೆ ಪಾದ್ರಿಗಳು ಉಪದೇಶದ ನಡುವೆ ನೀರು ಕುಡಿದು ಕುಡಿದು ಸುಸ್ತಾಗುತ್ತಿದ್ದರು. ಆದರೂ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿದೆ? ಬೋರ್ಡು ಇರುವುದು ಮೈಗೆ, ತಲೆಗಲ್ಲ ಎಂಬುದು ಯೂನಿಸ್ ಆಂಟಿಯ ವಾದ.

ಯೂನಿಸ್ ಜ್ವಿಕರ್ ನಿನಗೆ ನೆನಪಿರಲೇಬೇಕು. ನೀನು ಚಿಕ್ಕವಳಿದ್ದಾಗ ಯಾರಿಗೆ ಹೆದರಿ ತಲೆ ಒಣಗಿಸುವ ದೊಡ್ಡ ಡ್ರೈಯರಿನ ಹಿಂದೆ ಅಡಗುತ್ತಿದ್ದೆಯೋ, ಅವರೇ. ಈಗ ಎಂಬತ್ತು ದಾಟಿದೆ, ಗಂಟಲು ಮಾತ್ರ ಅದೇ. ಶುಕ್ರವಾರದ ಗುಂಪಿಗೆ ಅವರೇ ಯಜಮಾನಿ, ಅವರು ಎಡಕ್ಕೆ ತಿರುಗಿದರೆ ಎಲ್ಲರೂ ಎಡಕ್ಕೆ. ಒಂದು ಶುಕ್ರವಾರ ಸೆಟ್ ಮಾಡಿದ ಕೂದಲು ಮುಂದಿನ ಶುಕ್ರವಾರದವರೆಗೆ ಅಲುಗಬಾರದು, ಅದು ಅವರ ಕಟ್ಟಪ್ಪಣೆ. ಚಂಡಮಾರುತ ಬಂದು ದೋಣಿಕಟ್ಟೆಯನ್ನೇ ಕಿತ್ತುಕೊಂಡು ಹೋದ ವರ್ಷವೂ ಅವರ ತಲೆ ನೆಟ್ಟಗಿತ್ತು. ಆ ತಲೆಗೆ ಇನ್ನು ಮೇಲೆ ಸ್ಪ್ರೇ ಇಲ್ಲ ಎಂದು ನಾನು ಹೇಳಬೇಕಾಯಿತು. ಕನ್ನಡಿಯಲ್ಲೇ ನನ್ನನ್ನು ದಿಟ್ಟಿಸಿದರು. "ಏನೇ ಮರ್ನಾ, ಹಾಗಾದ್ರೆ ಏನು ಹಾಕ್ತೀಯ? ಪ್ರಾರ್ಥನೇನಾ?"

ದಾರಿ ತೋರಿಸಿದವಳು ಪಕ್ಕದ ಮನೆಯ ವರ್ಲಿ. ಸ್ಪ್ರೇ ಡಬ್ಬಿಗಳು ಬರುವ ಮುಂಚೆ ಅವಳ ಅಮ್ಮ ಅಗಸೆ ಬೀಜ ಬೇಯಿಸಿ ಅದರ ಲೋಳೆ ಹಚ್ಚಿ ತಲೆಗೆ ಅಲೆ ಕೂರಿಸುತ್ತಿದ್ದಳಂತೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ ನಾನು ಅಗಸೆಯನ್ನು ಬ್ರೆಡ್ಡಿಗೆ ಮಾತ್ರ ಹಾಕುತ್ತಿದ್ದೆ. ಬೀಜವನ್ನು ನೀರಿನಲ್ಲಿ ಕುದಿಸಿ, ಬಿಸಿ ಇರುವಾಗಲೇ ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಿದೆವು. ಆರಿದ ಮೇಲೆ ಸೋಸಲು ಹೋದರೆ ಕಾಲುಚೀಲವೂ ಹೋಗುತ್ತದೆ, ಲೋಳೆಯೂ ಹೋಗುತ್ತದೆ. ಬಂದದ್ದು ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಮೂಗು ಹತ್ತಿರ ತಂದರೂ ವಾಸನೆ ಇಲ್ಲ. ವರ್ಲಿಯ ತಲೆಗೆ ಹಚ್ಚಿ ರೋಲರ್ ಸುತ್ತಿ ಒಣಗಿಸಿದೆ. ಬಿಚ್ಚಿದರೆ ಸುರುಳಿ ಸುರುಳಿ, ಹೊಳಪು ಬೇರೆ! ನಾವಿಬ್ಬರೂ ಅಡುಗೆಮನೆಯಲ್ಲಿ ಹುಡುಗಿಯರ ಹಾಗೆ ಕುಣಿದೆವು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಯೂನಿಸ್ ಆಂಟಿಯ ತಲೆ ವಾರವಿಡೀ ನಿಲ್ಲಬೇಕಲ್ಲ, ಬರೀ ಲೋಳೆ ಸಾಕೇ ಎಂದು ನನಗೆ ದಿಗಿಲು. ನಮ್ಮೂರಿನ ಹೆಂಗಸರ ಬುದ್ಧಿ ನಿನಗೆ ಗೊತ್ತಲ್ಲ, ಏನು ಗಟ್ಟಿಯಾಗದಿದ್ದರೂ ಇನ್ನಷ್ಟು ಸಕ್ಕರೆ ಹಾಕು ಎನ್ನುವವರು. ಬ್ಲೂಬೆರಿ ಜಾಮ್ ಹಾಗೇ ತಾನೆ ಗಟ್ಟಿಯಾಗುವುದು? ಲೋಳೆಗೆ ಒಂದು ಲೋಟ ಸಕ್ಕರೆ ಹಾಕಿ ಕುದಿಸಿದೆ. ಆ ವಾರದ ತಲೆಗಳು ಕಲ್ಲು! ಯೂನಿಸ್ ಆಂಟಿ ಬೆರಳಿನಿಂದ ತಲೆ ತಟ್ಟಿ ನೋಡಿ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ಪದಕ ಕೊಟ್ಟ ಹಾಗೆ.

ಈಸ್ಟರಿನವರೆಗೆ ನಡೆಯುವ ಲೆಂಟ್ ಉಪವಾಸಕ್ಕೆ ಮುಂಚಿನ ಮಂಗಳವಾರ ಚರ್ಚಿನ ಸಭಾಂಗಣದಲ್ಲಿ ಎಂದಿನಂತೆ ಪ್ಯಾನ್‌ಕೇಕ್ ಊಟ. ಹೊರಗೆ ಕಡಲಿನಿಂದ ಎದ್ದ ಮಂಜು, ಒಳಗೆ ದೊಡ್ಡ ದೊಡ್ಡ ಕಾಫಿ ಪಾತ್ರೆ, ಕಾವಲಿ, ಇಡೀ ಊರಿನ ಉಸಿರು. ಗೋಡೆಯ ಮೇಲೆ ನೀರಿಳಿಯುತ್ತಿತ್ತು. ಮೊದಲು ಆರ್ಡಿತ್ ಕಾಲರ್ ಮುಟ್ಟಿಕೊಂಡು "ಯಾರೇ ನನ್ನ ಮೇಲೆ ಮೇಪಲ್ ಪಾಕ ಚೆಲ್ಲಿದ್ದು?" ಎಂದಳು. ಯಾರೂ ಚೆಲ್ಲಿರಲಿಲ್ಲ. ಪಾಕ ಅವಳ ತಲೆಯಿಂದಲೇ ಇಳಿಯುತ್ತಿತ್ತು. ನಾನು ತಟ್ಟೆ ಬಿಟ್ಟು ಏಳುವಷ್ಟರಲ್ಲಿ ಅನಾಹುತ ಆಗಿಹೋಯಿತು. ಮೊಮ್ಮಗನ ಮದುವೆ ಗೊತ್ತಾಯಿತೆಂದು ಆರ್ಡಿತ್ ಹೇಳಿದ್ದೇ ತಡ, ಯೂನಿಸ್ ಆಂಟಿ ಅವಳನ್ನು ಬಾಚಿ ತಬ್ಬಿಕೊಂಡರು, ಕೆನ್ನೆಗೆ ಕೆನ್ನೆ, ತಲೆಗೆ ತಲೆ. ಬಿಡಿಸಿಕೊಳ್ಳಲು ಹೋದರೆ ಬರುತ್ತಿಲ್ಲ. ಎರಡು ತಲೆಯೂ ಅಂಟಿಕೊಂಡಿವೆ! "ಬಿಡೇ ಆರ್ಡಿತ್!" "ನಾನೆಲ್ಲಿ ಹಿಡ್ಕೊಂಡಿದೀನಿ, ನೀವು ಬಿಡಿ!" ಪಾದ್ರಿಗಳು ಕೈಯಲ್ಲಿ ಸೌಟು ಹಿಡಿದು ನಿಂತೇ ಬಿಟ್ಟರು. ಕೊನೆಗೆ ನಾನು ಬಿಸಿನೀರಿನಲ್ಲಿ ಅದ್ದಿದ ಪಾತ್ರೆ ಒರೆಸುವ ಬಟ್ಟೆ ತಂದು ಎಳೆ ಎಳೆಯಾಗಿ ಬಿಡಿಸಿದೆ. ಊರಿಗೆ ಊರೇ ಹೊಟ್ಟೆ ಹಿಡಿದು ನಗುತ್ತಿತ್ತು, ಯೂನಿಸ್ ಆಂಟಿಯ ಗಂಡ ಬರ್ಟನ್ ಅಂಕಲ್ ಎಲ್ಲರಿಗಿಂತ ಜೋರಾಗಿ. ಆಂಟಿ ಮಾತ್ರ ನಗಲಿಲ್ಲ. ಕೋಟು ಹಾಕಿಕೊಂಡು, ಒದ್ದೆ ಕೂದಲ ಮೇಲೆ ಪ್ಲಾಸ್ಟಿಕ್ ಟೋಪಿ ಕಟ್ಟಿಕೊಂಡು, ನನ್ನ ಕಡೆ ನೋಡದೆ ಹೊರಟುಹೋದರು.

ಆ ಲೆಂಟ್‌ನಲ್ಲಿ ಬೇರೆಯವರು ಚಾಕೊಲೇಟು ಬಿಟ್ಟರು, ಯೂನಿಸ್ ಆಂಟಿ ನನ್ನನ್ನು ಬಿಟ್ಟರು. ಪಟ್ಟಣದ ಮಾಲ್‌ನಲ್ಲಿರುವ ಪಾರ್ಲರಿಗೆ ಹೋಗತೊಡಗಿದರು. ಆರ್ಡಿತ್‌ಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಆದರೆ ಕಾರು ಇರುವುದು ಆಂಟಿಯದು, ಅವಳೂ ಹೋದಳು. ಮಿಕ್ಕವರೂ ಹಿಂದೆಯೇ ಹೋದರು. ನಿನ್ನ ಹತ್ತಿರ ಫೋನಿನಲ್ಲಿ "ಈ ವಾರ ಸ್ವಲ್ಪ ಕಮ್ಮಿ" ಎಂದೆನಲ್ಲ, ಆ ವಾರ ಬಂದದ್ದು ವರ್ಲಿ ಒಬ್ಬಳೇ. ಅವಳ ತಲೆಯನ್ನೇ ಮತ್ತೆ ಮತ್ತೆ ತೊಳೆದು ಪ್ರಯೋಗ ಮಾಡಿದೆ. ಸಕ್ಕರೆ ಬಿಟ್ಟೆ. ಲೋಳೆಯನ್ನು ಒಂದೇ ಸಲ ದಪ್ಪಗೆ ಬಳಿಯುವ ಬದಲು ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಮತ್ತೆ ತೆಳ್ಳಗೆ ಹಚ್ಚಿದೆ. ಅವಳನ್ನು ಮಂಜಿನಲ್ಲಿ ದೋಣಿಕಟ್ಟೆಯವರೆಗೆ ನಡೆಸಿ ವಾಪಸು ಕರೆತಂದು ನೋಡಿದೆ, ಸುರುಳಿ ಇಳಿದಿರಲಿಲ್ಲ. "ಇನ್ನೊಂದು ಸಲ ನನ್ನ ತಲೆ ತೊಳೆದ್ರೆ ಬಣ್ಣಾನೇ ಹೋಗುತ್ತೆ ಕಣೇ" ಎಂದು ಬೈದರೂ ಮತ್ತೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು. ಆದರೆ ಒಂದು ತಲೆಯಿಂದ ಅಂಗಡಿ ನಡೆಯುತ್ತದೆಯೇ? ಒಂದು ಶುಕ್ರವಾರ ಖಾಲಿ ಡ್ರೈಯರುಗಳನ್ನು ನೋಡಿ ಬೇಸಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ಕೈ ವಾಸಿಯಾಗುತ್ತಿದೆ, ಹಿಡಿಯಲು ತಲೆ ಇಲ್ಲ. ಬೋರ್ಡು ಇಳಿಸಲು ಏಣಿಯನ್ನೂ ಶೆಡ್ಡಿನಿಂದ ತಂದಿಟ್ಟೆ. ನೀನು ಗೆದ್ದೆ ಎಂದೇ ಅಂದುಕೊಂಡೆ.

ಈಸ್ಟರ್‌ಗೆ ಹಿಂದಿನ ಭಾನುವಾರ ಯೂನಿಸ್ ಆಂಟಿ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಚೆನ್ನಾಗೇ ಆಯಿತಂತೆ. ನಾನು ಹೋಗಲೋ ಬೇಡವೋ ಎಂದು ಒದ್ದಾಡುತ್ತಿದ್ದಾಗ ಗುಡ್ ಫ್ರೈಡೇ ಬೆಳಿಗ್ಗೆ ಫೋನು ಬಂತು. ಹಲೋ ಇಲ್ಲ, ಏನಿಲ್ಲ. "ಮರ್ನಾ, ಇವತ್ತು ಶುಕ್ರವಾರ."

ಗುಡ್ ಫ್ರೈಡೇ ದಿನ ನಾನು ಎಂದೂ ಕತ್ತರಿ ಮುಟ್ಟಿದವಳಲ್ಲ, ಹಾಗೆಂದೇ ಹೇಳಿದೆ. "ಅದು ನನ್ನ ತಲೆಗೆ ಗೊತ್ತಾಗಲ್ಲ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಬರ್ಟನ್‌ನ ಒಳಗೆ ಬಿಟ್ಟಿಲ್ಲ ಕಣೇ ನಾನು. ಮದುವೆ ಆದಾಗಿಂದ ಅವನು ನನ್ನ ತಲೆ ಹೀಗೆ ನೋಡಿಲ್ಲ. ದಿನಾ ಬಂದು ಕೆಳಗೆ ಗಾಡೀಲೇ ಕೂತಿರ್ತಾನೆ" ಎಂದರು. ಮಾಲ್‌ನ ಹುಡುಗಿಯನ್ನು ಕರೆಸಿದ್ದರಂತೆ. ಪಕ್ಕದ ಹಾಸಿಗೆಯ ಅಜ್ಜಿಗೆ ಆಮ್ಲಜನಕ ಹಾಕಿದ್ದಾರೆ, ಸ್ಪ್ರೇ ಅಲ್ಲಿ ಬೆಂಕಿಗೆ ದಾರಿ, ಮೇಲೆ ಸುಗಂಧವೂ ನಿಷೇಧ. ಆ ಹುಡುಗಿಯ ಚೀಲ ನೋಡಿದ್ದೇ ನರ್ಸ್ ಬಾಗಿಲಿನಿಂದಲೇ ವಾಪಸು ಕಳಿಸಿದಳಂತೆ.

ಗಾಡಿ ನಿಲ್ಲಿಸುವ ಜಾಗದಲ್ಲಿ ಬರ್ಟನ್ ಅಂಕಲ್ ಟ್ರಕ್ಕಿನೊಳಗೆ ಥರ್ಮಾಸ್ ಹಿಡಿದು ಕೂತಿದ್ದರು. ಗಾಜು ಇಳಿಸಿ, "ನನ್ನ ಮೇಲೆ ಏನೋ ಕೋಪ ಅವಳಿಗೆ. ಏನಂತ ಕೇಳ್ಕೊಂಡು ಬಾರಮ್ಮ" ಎಂದರು. ಪಾಪ, ಕಾರಣ ಕೂಡ ಹೇಳಿರಲಿಲ್ಲ ಅವರಿಗೆ. ಮೇಲೆ ನರ್ಸ್ ನನ್ನ ಚೀಲಕ್ಕೂ ಕೈ ಹಾಕಿ ಲೋಳೆಯ ಜಾಡಿ ತೆಗೆದಳು. "ಇದೇನು, ಗಂಜೀನಾ?" ಎಂದಳು. ಮೂಸಿ ನೋಡಿ ಎಂದೆ. ಮೂಸಿದಳು, ಮತ್ತೆ ಮೂಸಿದಳು, ಆಮೇಲೆ ಬಾಗಿಲು ಬಿಟ್ಟಳು.

ಕೊರಿನ್, ಆ ಹೆಂಗಸನ್ನು ಹಾಗೆ ನೋಡಿ ಬಾಗಿಲಲ್ಲೇ ಚೀಲ ಕೆಳಗಿಟ್ಟೆ. ದಿಂಬಿನ ಮೇಲೆ ಗುಬ್ಬಿಯಷ್ಟು ತಲೆ, ಮೂರೇ ಮೂರು ಎಳೆ ಕೂದಲು ಇದ್ದ ಹಾಗೆ ಅಂಟಿಕೊಂಡಿತ್ತು. ಆ ಗೋಪುರವನ್ನೆಲ್ಲ ಇಷ್ಟು ವರ್ಷ ಇಷ್ಟೇ ಕೂದಲಿನಲ್ಲಿ ಕಟ್ಟುತ್ತಿದ್ದೆನೇ ನಾನು? ಬೋಗುಣಿಯಲ್ಲಿ ನೀರು ತರಿಸಿ ಮಲಗಿದಲ್ಲೇ ತಲೆ ತೊಳೆದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಇದ್ದಕ್ಕಿದ್ದ ಹಾಗೆ, "ನಿನ್ನ ಕೈಗೆ ಏನಾಯ್ತು?" ಎಂದರು. ಏನೂ ಆಗಿಲ್ಲವಲ್ಲ ಎಂದೆ. "ಅದನ್ನೇ ಕೇಳ್ತಿರೋದು. ಎರಡು ವರ್ಷದಿಂದ ತಲೆ ಮೇಲೆ ಪಾತ್ರೆ ಉಜ್ಜೋ ನಾರು ಆಡಿಸಿದ ಹಾಗಿರ್ತಿತ್ತು. ಇವತ್ತು ಕೈ ಅಂದ್ರೆ ಕೈ." ಮತ್ತೆ ಆಗ ಯಾಕೆ ಹೇಳಲಿಲ್ಲ ಆಂಟಿ ಎಂದೆ. "ಹೇಳಿದ್ರೆ ನೀನು ಅಂಗಡಿ ಮುಚ್ತಿದ್ದೆ. ಮಾಲ್‌ನಲ್ಲಿ ಆ ಹುಡುಗಿ ನನ್ನನ್ನ 'ಡಿಯರ್' ಅಂತಾಳೆ. ನನ್ನ ಹೆಸರು ಕೂಡ ಗೊತ್ತಿಲ್ಲ ಅವಳಿಗೆ." ನಾನು ಅವರ ಕಿವಿಯ ಹಿಂದೆ ಮತ್ತೊಂದು ಸಲ ತೊಳೆದೆ.

ಡ್ರೈಯರ್ ಹಾಕಲು ನರ್ಸ್ ಒಪ್ಪಲಿಲ್ಲ. ಲೋಳೆ ಹಚ್ಚಿ, ರೋಲರ್ ಸುತ್ತಿ, ಹಾಸಿಗೆಯನ್ನು ಕಿಟಕಿಯ ಬಿಸಿಲಿಗೆ ಎಳೆದು ಕಾದೆವು. ಆ ಪಕ್ಕದ ಹಾಸಿಗೆಯ ಅಜ್ಜಿ, ಮೂಗಿನಲ್ಲಿ ಕೊಳವೆ ಇದ್ದರೂ, ಒಂದೊಂದು ರೋಲರಿಗೂ ಸಲಹೆ ಕೊಟ್ಟಳು. ಒಣಗುವುದಕ್ಕೆ ಮಧ್ಯಾಹ್ನ ದಾಟಿತು. ಬಿಚ್ಚಿ ಬಾಚಿ ಕನ್ನಡಿ ಹಿಡಿದೆ. ಮೊದಲಿನಷ್ಟು ಎತ್ತರ ಇಲ್ಲ, ನಿಜ. ಹೊಳೆಯುವ ಬಿಳಿ ಅಲೆಗಳು, ಬೆರಳಿಟ್ಟರೆ ಬಗ್ಗುತ್ತವೆ. ಆಂಟಿ ಎಡಕ್ಕೆ ತಿರುಗಿ ನೋಡಿದರು, ಬಲಕ್ಕೆ ತಿರುಗಿ ನೋಡಿದರು. "ಅವನನ್ನ ಕರಿ" ಎಂದರು.

ಬರ್ಟನ್ ಅಂಕಲ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು, ತಪ್ಪು ಮಾಡಿದ ಹುಡುಗನ ಹಾಗೆ. ಆಮೇಲೆ ನೆಟ್ಟಗೆ ಬಂದು, ಬಗ್ಗಿ, ಹೆಂಡತಿಯ ಕೂದಲೊಳಗೆ ಮುಖ ಹುದುಗಿಸಿಬಿಟ್ಟರು. ಎಷ್ಟು ಹೊತ್ತಾದರೂ ಮೇಲೆತ್ತಲಿಲ್ಲ.

"ಬರ್ಟನ್! ಏನು ಮಾಡ್ತಿದೀಯ, ಜನ ನೋಡ್ತಿದಾರೆ. ತಲೆ ಕೆಡುತ್ತೆ!"

"ಸುಮ್ನಿರು ಮಾರಾಯ್ತಿ. ಸೀನು ಬರ್ತಿಲ್ಲ."

"ಯಾವ ಸೀನು?"

ಆಗ ಹೊರಬಿತ್ತು ನೋಡು. ಆ ಮನುಷ್ಯನಿಗೆ ಸ್ಪ್ರೇ ಎಂದರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹೆಂಡತಿಯ ಪಕ್ಕ ತಲೆಯಿಟ್ಟರೆ ಬೆಳಗಿನವರೆಗೆ ಸೀನು, ಕಣ್ಣಲ್ಲಿ ನೀರು. ಅದಕ್ಕೇ ಮಕ್ಕಳು ಹುಟ್ಟಿದ ಮೇಲೆ ಮಹಡಿಯ ಹಿಂದಿನ ಕೋಣೆಗೆ ಹಾಸಿಗೆ ಸಾಗಿಸಿದ್ದು. ಆಂಟಿಗೆ ಹೇಳಿದ್ದು ಮಾತ್ರ, ನೀನು ಗೊರಕೆ ಹೊಡೆಯುತ್ತೀಯ ಎಂದು.

"ಹಾಗಾದ್ರೆ ನಾನು ಗೊರಕೆ ಹೊಡೆಯಲ್ವಾ?" ಎಂದು ಆಂಟಿ ಕೇಳಿದರು.

"ಒಂದು ದಿನಾನೂ ಇಲ್ಲ."

"ಅಯ್ಯೋ ಪಾಪಿ! ಇಷ್ಟು ವರ್ಷ ಮೂಗಿಗೆ ಪಟ್ಟಿ ಅಂಟಿಸ್ಕೊಂಡು, ಬೆನ್ನಿಗೆ ದಿಂಬು ಕೊಟ್ಕೊಂಡು ಕೂತೇ ಮಲಗಿದೀನಲ್ಲೋ ನಾನು! ಸ್ಪ್ರೇ ಆಗಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ನಿನಗೆ ನಿನ್ನ ತಲೆ ಅಂದ್ರೆ ಅಷ್ಟು ಇಷ್ಟ ಅಲ್ವೇನೇ" ಎಂದರು ಬರ್ಟನ್ ಅಂಕಲ್. ಇನ್ನೂ ಮುಖ ಎತ್ತಿರಲಿಲ್ಲ.

ಆಂಟಿ ಬೈಯುತ್ತಲೇ ಇದ್ದರು, ಕೈ ಮಾತ್ರ ಗಂಡನ ಬೋಳು ತಲೆ ಸವರುತ್ತಿತ್ತು. ಪಕ್ಕದ ಹಾಸಿಗೆಯ ಅಜ್ಜಿ ನಕ್ಕು ನಕ್ಕು ಕೊಳವೆ ಜಾರಿಸಿಕೊಂಡು ನರ್ಸ್ ಓಡಿಬರಬೇಕಾಯಿತು. ನಾನು ರೋಲರುಗಳನ್ನು ಚೀಲಕ್ಕೆ ತುಂಬಿಕೊಂಡು ಕಾರಿಡಾರಿಗೆ ಬಂದು ಗೋಡೆಗೊರಗಿ ಚೆನ್ನಾಗಿ ಅತ್ತೆ. ಬಹಳ ಸಂತೋಷವಾಗಿತ್ತು.

ಈಗ ನಿನ್ನ ತೀರ್ಪು. ಅಂಗಡಿ ಮುಚ್ಚುವುದಿಲ್ಲ ಮಗಳೇ. ಹಾಸಿಗೆಯಲ್ಲಿ ಮಲಗಿಯೇ ಯೂನಿಸ್ ಆಂಟಿ ಆರ್ಡಿತ್‌ಗೆ ಫೋನು ಮಾಡಿ, ಆರ್ಡಿತ್ ಮಿಕ್ಕವರಿಗೆ ಮಾಡಿ, ನಾಡಿದ್ದು ಶುಕ್ರವಾರ ನನಗೆ ಊಟಕ್ಕೂ ಪುರುಸೊತ್ತಿಲ್ಲ. ಬರ್ಟನ್ ಅಂಕಲ್ ಹಿಂದಿನ ಕೋಣೆಯಿಂದ ಹಾಸಿಗೆ ಇಳಿಸಿದ್ದಾರೆಂದು ಊರೆಲ್ಲ ಮಾತು. ಆದರೆ ನಿನಗೂ ಅರ್ಧ ಗೆಲುವು ಕೊಡುತ್ತೇನೆ. ಪರ್ಮ್ ಇಲ್ಲ, ಬಣ್ಣ ಇಲ್ಲ, ವಾರಕ್ಕೆ ಎರಡೇ ದಿನ. ಬಣ್ಣ ಬೇಕೆನ್ನುವ ಚಿಕ್ಕವರೆಲ್ಲ ಮಾಲ್‌ಗೇ ಹೋಗಿಬಿಟ್ಟರು, ಅವರು ಮತ್ತೆ ಬರುವುದಿಲ್ಲ, ಅದಕ್ಕೆ ಬೇಸರವಿದೆ. ಕೆಮ್ಮು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಮೆಟ್ಟಿಲನ್ನು ಈಗ ನಿಲ್ಲದೆ ಹತ್ತುತ್ತೇನೆ, ಮೇಲೆ ಹೋಗಿ ಕೆಮ್ಮುತ್ತೇನೆ. ಜುಲೈಯಲ್ಲಿ ಸ್ಟ್ರಾಬೆರಿ ಮುಗಿದ ಮೇಲೆ ನಿನ್ನ ಕೆಳಗಿನ ಕೋಣೆಗೆ ಒಂದು ವಾರ ಬರುತ್ತೇನೆ, ಅತಿಥಿಯಾಗಿ. ಒಂದೇ ವಾರ, ಎರಡನೇ ವಾರಕ್ಕೆ ಒತ್ತಾಯ ಮಾಡಬೇಡ, ನಾನು ಒಪ್ಪಿಬಿಟ್ಟೇನು.

ನೀನು ಅವತ್ತು ಆ ಕೈಗವಸು ಎಳೆಯದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಜೋರಿನ ಹುಡುಗಿ ನೀನು, ಹಾಗೇ ಇರು.

ಯಾವಾಗಲೂ ನಿನ್ನವಳೇ ಆದ,
ಅಮ್ಮ
(ಮರ್ನಾ)

ಮರೆತಿದ್ದು: ಮರೆಯಲಿಲ್ಲ, ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಹೋದ ಕ್ರಿಸ್‌ಮಸ್ಸಿನ ಕಾರ್ಡು, ಅದರ ಹಿಂದಿನ ವರ್ಷದ್ದು, ನಿನ್ನ ಹುಟ್ಟುಹಬ್ಬಕ್ಕೆ ಬಂದ ಆ ಉದ್ದನೆಯ ಕಾಗದ, ನೀನು ಫ್ರೇಮು ಹಾಕಿಸಿಟ್ಟಿದ್ದೀಯಲ್ಲ, ಅದು ಸಮೇತ ಯಾವುದನ್ನೂ ನಾನು ಬರೆದಿರಲಿಲ್ಲ. ನಾನು ಹೇಳುತ್ತಿದ್ದೆ, ವರ್ಲಿ ಬರೆಯುತ್ತಿದ್ದಳು. ನಿನ್ನ ಹೆಸರಿನ ಮೊದಲ ಅಕ್ಷರಕ್ಕೆ ನಾನು ಎಳೆಯುವ ಬಾಲವನ್ನು ಅವಳು ಪಾಪ ಹಳೆಯ ಪತ್ರಿಕೆಗಳ ಅಂಚಿನಲ್ಲಿ ತಿದ್ದಿ ತಿದ್ದಿ ಕಲಿತಳು. ಪೆನ್ನು ಹಿಡಿದರೆ ನನ್ನ ಬೆರಳ ಸಂದಿ ಒಡೆದು ಕಾಗದದ ಮೇಲೆಲ್ಲ ರಕ್ತ ಆಗುತ್ತಿತ್ತು, ನಿನಗೆ ಅಂಥದನ್ನು ಹೇಗೆ ಕಳಿಸಲಿ? ಇದನ್ನು ಮಾತ್ರ ಬೆಳಿಗ್ಗೆಯಿಂದ ನಾನೇ ಕೂತು ಬರೆದಿದ್ದೇನೆ, ಬರಿಗೈಯಲ್ಲಿ. ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡು. ಎಲ್ಲೂ ಕಲೆ ಇಲ್ಲ.